ಒಡಲು ಯಾರದು, ಒಪ್ಪಿಗೆ ಯಾರದು?

ಅಹಮದಾಬಾದಿನಲ್ಲಾಗಲಿ, ವಡೋದರಾದಲ್ಲಾಗಲಿ, ಸೂರತ್ತಿನಲ್ಲಾಗಲಿ ಮುಖ್ಯ ರಸ್ತೆಯಲ್ಲಿ ಎರಡು ಫರ್ಲಾಂಗು ನಡೆದರೆ ಒಂದಾದರೂ ಪ್ರಸೂತಿಗೃಹದ ಫಲಕ ಕಣ್ಣಿಗೆ ಬೀಳುತ್ತದೆ. ವೈದ್ಯರ ಹೆಸರಿನ ಕೆಳಗೆ ಅಲ್ಲಿ ದೊರೆಯುವ ಸೇವೆಗಳ ಪಟ್ಟಿ ಇರುತ್ತದೆ: ಸೋನೋಗ್ರಫಿ, ಪ್ಯಾಪ್ ಪರೀಕ್ಷೆ, ಕಾಲ್ಪೋಸ್ಕೋಪಿ, ಹಿಸ್ಟರೋಸ್ಕೋಪಿ, ಲ್ಯಾಪರೋಸ್ಕೋಪಿ, ಗರ್ಭಾಶಯದ ಗಡ್ಡೆಗೆ ಶಸ್ತ್ರಕ್ರಿಯೆ, ಗರ್ಭಾಶಯ ತೆಗೆಯುವ ಶಸ್ತ್ರಕ್ರಿಯೆ. ಉಪಾಹಾರಗೃಹದ ತಿಂಡಿಯ ಪಟ್ಟಿಯಂತೆ ಒಂದರ ಕೆಳಗೊಂದು, ಒಂದೇ ಅಳತೆಯ ಅಕ್ಷರಗಳಲ್ಲಿ. ಇದರಲ್ಲಿ ತಪ್ಪೇನೂ ಇಲ್ಲ. ಏನೇನು ಸೌಲಭ್ಯವಿದೆಯೆಂದು ಜನರಿಗೆ ತಿಳಿಯಬೇಕಷ್ಟೆ.

ಆದರೆ ಈ ಪಟ್ಟಿಯಲ್ಲಿ ಎರಡು ಬಗೆಯ ಕೆಲಸಗಳು ಬೆರೆತಿವೆ. ಮೊದಲಿನವು ನೋಡಿ ತಿಳಿಯುವ ಕೆಲಸಗಳು. ಕೊನೆಯವು ಕೊಯ್ದು ತೆಗೆಯುವ ಕೆಲಸಗಳು. ಫಲಕದ ಮೇಲೆ ಅವುಗಳ ನಡುವೆ ಒಂದು ಗೆರೆಯ ಅಂತರ. ಬದುಕಿನಲ್ಲಿ ಆ ಅಂತರ ಎಷ್ಟು, ಅದನ್ನು ದಾಟಲು ಅಪ್ಪಣೆ ಕೊಡಬೇಕಾದವರು ಯಾರು? ಡಾಕ್ಟರೆ, ಗಂಡನೆ, ಹೆತ್ತವರೆ, ಆ ಹೆಂಗಸೆ? ಈ ಪ್ರಶ್ನೆಯನ್ನು ನಮ್ಮ ಓದುಗರ ಮುಂದೆ ಇಡಬೇಕೆಂದು ಈ ಲೇಖನ.

ಮೊದಲಿಗೆ ಒಂದು ಮಾತು. ನಾವು ವೈದ್ಯರನ್ನು ದೂರಲು ಹೊರಟಿಲ್ಲ. ನಮ್ಮ ಅಜ್ಜಿಯರ ಕಾಲದಲ್ಲಿ ಬಾಣಂತಿಯ ಜ್ವರಕ್ಕೆ, ನಿಲ್ಲದ ರಕ್ತಸ್ರಾವಕ್ಕೆ ತುಂಬಿದ ಮನೆಗಳೇ ಬರಿದಾದವು. ಗರ್ಭಕೊರಳಿನ ಕ್ಯಾನ್ಸರು ಬೇರು ಬಿಡುವ ಮೊದಲೇ ಅದರ ಸುಳಿವು ಹಿಡಿಯಬಹುದೆಂದು ಡಾಕ್ಟರ್ ಪಾಪಾನಿಕೊಲಾವ್ ೧೯೪೦ರ ದಶಕದಲ್ಲಿ ಜಗತ್ತಿಗೆ ಮನಗಾಣಿಸಿದರು. ಪ್ಯಾಪ್ ಪರೀಕ್ಷೆಯೆಂಬ ಹೆಸರು ಬಂದದ್ದು ಅವರಿಂದ. ನೋವಿಲ್ಲದೆ ಹೊಟ್ಟೆಯೊಳಗನ್ನು ತೋರಿಸುವ ಸೋನೋಗ್ರಫಿ, ಗರ್ಭನಾಳದಲ್ಲಿ ಸಿಕ್ಕಿಕೊಂಡ ಗರ್ಭವನ್ನು ಅದು ಒಡೆಯುವ ಮೊದಲೇ ಕಂಡುಹಿಡಿದು ಎಷ್ಟೋ ತಾಯಂದಿರನ್ನು ಉಳಿಸಿದೆ. ಗರ್ಭಾಶಯ ತೆಗೆಯುವ ಶಸ್ತ್ರಕ್ರಿಯೆಯೂ ಅಷ್ಟೆ. ಕ್ಯಾನ್ಸರು ತಗುಲಿದಾಗ, ಹೆರಿಗೆಯ ನಂತರ ರಕ್ತ ನಿಲ್ಲದೆ ಹೋದಾಗ ಅದೇ ಪ್ರಾಣ ಕಾಯುತ್ತದೆ. ಅದನ್ನು ಅಲ್ಲಗಳೆಯುವವನು ಕೃತಘ್ನ.

ನೋಡುವ ಯಂತ್ರಕ್ಕೂ ನೀತಿಯ ಕಡಿವಾಣ ಬೇಕೆಂಬುದನ್ನು ನಮ್ಮ ದೇಶ ಈಗಾಗಲೇ ಒಪ್ಪಿದೆ. ಭ್ರೂಣದ ಲಿಂಗವನ್ನು ಇಲ್ಲಿ ತಿಳಿಸುವುದಿಲ್ಲವೆಂಬ ಬರಹ ಪ್ರತಿಯೊಂದು ಸೋನೋಗ್ರಫಿ ಕೇಂದ್ರದಲ್ಲೂ ತೂಗುತ್ತಿರುವುದು ೧೯೯೪ರ ಕಾನೂನಿನ ದೆಸೆಯಿಂದ. ಯಂತ್ರಕ್ಕೆ ಕಾಣುವುದನ್ನೆಲ್ಲ ಹೇಳಬಾರದು ಎಂಬುದು ಅದರ ತಿರುಳು. ಕಂಡದ್ದನ್ನೆಲ್ಲ ಕೊಯ್ಯಬಾರದು ಎಂಬುದು ಅದರ ಜೊತೆಯ ಮಾತು. ಅದಕ್ಕೊಂದು ಮೊಕದ್ದಮೆಯ ಕಥೆಯೇ ಇದೆ.

೧೯೯೫ರಲ್ಲಿ ದೆಹಲಿಯಲ್ಲಿ ನಲವತ್ತನಾಲ್ಕು ವರ್ಷದ ಅವಿವಾಹಿತ ಮಹಿಳೆಯೊಬ್ಬರು ಮುಟ್ಟಿನ ರಕ್ತಸ್ರಾವ ದಿನಗಟ್ಟಲೆ ನಿಲ್ಲದಾಗ ಸ್ತ್ರೀರೋಗ ತಜ್ಞೆಯೊಬ್ಬರ ಬಳಿ ಹೋದರು. ಕಾರಣ ತಿಳಿಯಲು ಲ್ಯಾಪರೋಸ್ಕೋಪಿ ಆಗಬೇಕೆಂದು ನಿಶ್ಚಯವಾಯಿತು. ಅದಕ್ಕೆ ಅವರು ಸಹಿ ಮಾಡಿದರು. ಅರಿವಳಿಕೆ ಕೊಟ್ಟು ಒಳಗೆ ನೋಡಿದಾಗ ಎಂಡೋಮೆಟ್ರಿಯೋಸಿಸ್ ಕಂಡುಬಂತು. ಆಗ ಸಹಾಯಕ ವೈದ್ಯರೊಬ್ಬರು ಶಸ್ತ್ರಕ್ರಿಯೆಯ ಕೋಣೆಯಿಂದ ಹೊರಬಂದು, ಅಲ್ಲಿ ಕಾದಿದ್ದ ರೋಗಿಯ ತಾಯಿಯಿಂದ ಒಪ್ಪಿಗೆ ಪಡೆದರು. ಆ ಒಪ್ಪಿಗೆಯ ಮೇಲೆ ಗರ್ಭಾಶಯವನ್ನೂ ಎರಡು ಅಂಡಾಶಯಗಳನ್ನೂ ತೆಗೆದುಹಾಕಲಾಯಿತು. ನೋಡಿಸಿಕೊಳ್ಳಲೆಂದು ಮಲಗಿದ ಹೆಂಗಸು ಎಚ್ಚರವಾದಾಗ ತನ್ನ ಒಡಲಿನ ಒಂದು ಭಾಗವನ್ನೇ ಕಳೆದುಕೊಂಡಿದ್ದರು.

ಮೊಕದ್ದಮೆ ಸುಪ್ರೀಂ ಕೋರ್ಟನ್ನು ಮುಟ್ಟಿ ೨೦೦೮ರ ಜನವರಿ ೧೬ರಂದು ತೀರ್ಪಾಯಿತು. ತೀರ್ಪನ್ನು ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದ ಆರ್. ವಿ. ರವೀಂದ್ರನ್ ಅವರು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಾಗದು. ರೋಗಿ ಪ್ರಾಪ್ತವಯಸ್ಕಳು, ಬುದ್ಧಿ ನೆಟ್ಟಗಿರುವವಳು, ಅರಿವಳಿಕೆಯಿಂದ ತಾತ್ಕಾಲಿಕವಾಗಿ ಎಚ್ಚರ ತಪ್ಪಿದವಳು ಅಷ್ಟೆ. ಪ್ರಾಣಕ್ಕೆ ತಕ್ಷಣದ ಅಪಾಯವಿಲ್ಲದಿರುವಾಗ ಅವಳು ಎಚ್ಚರಗೊಳ್ಳುವ ತನಕ ಕಾಯಬೇಕಿತ್ತು. ಅವಳ ಪರವಾಗಿ ಒಪ್ಪಲು ತಾಯಿಗೂ ಅಧಿಕಾರವಿರಲಿಲ್ಲ. ಇದು ತೀರ್ಪಿನ ಸಾರ. ವೈದ್ಯೆಗೆ ಶುಲ್ಕ ಸಲ್ಲದೆಂದೂ, ಇಪ್ಪತ್ತೈದು ಸಾವಿರ ರೂಪಾಯಿ ಪರಿಹಾರ ಕೊಡಬೇಕೆಂದೂ ಆಜ್ಞೆಯಾಯಿತು.

ಈ ತೀರ್ಪಿನಲ್ಲಿ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚುವ ಅಂಶ ಇನ್ನೊಂದಿದೆ. ವೈದ್ಯೆಯ ಉದ್ದೇಶ ಕೆಟ್ಟದ್ದೆಂದು ನ್ಯಾಯಾಲಯ ಹೇಳಲಿಲ್ಲ. ರೋಗಿಗೆ ಒಳ್ಳೆಯದಾಗಲೆಂದೇ ಆಕೆ ಹಾಗೆ ಮಾಡಿದರೆಂದು ಒಪ್ಪಿಕೊಂಡಿತು. ತಾಯಿಯ ಪ್ರೀತಿಯಲ್ಲಂತೂ ಸಂದೇಹವೇ ಇಲ್ಲ. ಇಬ್ಬರು ಹಿತೈಷಿಗಳು ಸೇರಿ, ಹಿತವೆಂದೇ ತಿಳಿದು, ಮೂರನೆಯವಳಿಗೆ ಅನ್ಯಾಯ ಮಾಡಿದರು. ಕೇಡು ಬಯಸುವವರಿಂದ ಕೇಡಾದರೆ ನೀತಿಯ ಪ್ರಶ್ನೆ ಸುಲಭ. ಪ್ರೀತಿಸುವವರಿಂದಲೇ ಅನ್ಯಾಯವಾಗುವಾಗ ಪ್ರಶ್ನೆ ಕಠಿಣವಾಗುತ್ತದೆ.

"ಹೆತ್ತ ತಾಯಿಗೆ ಅಷ್ಟೂ ಹಕ್ಕಿಲ್ಲವೆ?" ಎಂದು ನಮ್ಮಲ್ಲಿ ಅನೇಕರು ಕೇಳುವುದುಂಟು. ನಮ್ಮ ಮನೆಗಳು ಒಬ್ಬೊಬ್ಬರ ಹಕ್ಕುಗಳ ಲೆಕ್ಕದ ಮೇಲೆ ನಿಂತವಲ್ಲ. ಅಪ್ಪ ಒಪ್ಪಿದರೆ ಮಗ ಒಪ್ಪಿದಂತೆ, ಗಂಡ ಒಪ್ಪಿದರೆ ಹೆಂಡತಿ ಒಪ್ಪಿದಂತೆ ಎಂಬ ರೂಢಿಯಲ್ಲಿ ನಾವು ಬೆಳೆದವರು. ಕಾಯಿಲೆಯವರಿಗೆ ಭಯದ ಸುದ್ದಿ ತಿಳಿಸದೆ ತಾವೇ ಹೊರೆ ಹೊರುವುದು ವಾತ್ಸಲ್ಯದ ಲಕ್ಷಣವೆಂದೇ ನಂಬಿದವರು. ಈ ನಂಬಿಕೆಯಲ್ಲಿ ಒಳ್ಳೆಯದೂ ಇದೆ. ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬಂಟಿಯಾಗಿ ಕೂರಬೇಕಾದವರ ಪಾಡು ಎಂಥದೆಂದು ಪರಸ್ಥಳದಲ್ಲಿರುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಹೊರೆ ಹೊರುವುದು ಬೇರೆ, ತೀರ್ಮಾನ ಹೊರುವುದು ಬೇರೆ. ಹಣ ಹೊಂದಿಸುವುದು, ರಾತ್ರಿ ಕಾವಲು ಕೂರುವುದು, ಗಂಜಿ ಮಾಡಿ ಒಯ್ಯುವುದು, ಇವೆಲ್ಲ ಹಂಚಿಕೊಳ್ಳಬಹುದಾದ ಹೊರೆಗಳು. ಅಂಗವೊಂದು ಹೋದ ಮೇಲೆ ಅದಿಲ್ಲದೆ ದಿನ ಕಳೆಯುವ ಹೊರೆಯನ್ನು ಯಾರೂ ಹಂಚಿಕೊಳ್ಳಲಾರರು. ಹೊರುವವಳು ಒಬ್ಬಳೇ ಆದ ಮೇಲೆ ಹೂಂ ಅನ್ನುವ ಅಥವಾ ಬೇಡವೆನ್ನುವ ಮಾತೂ ಅವಳೊಬ್ಬಳದೇ ಆಗಬೇಕು. ಇದು ಪಡುವಣದಿಂದ ಆಮದಾದ ತತ್ತ್ವವೇನಲ್ಲ. ಉಣ್ಣುವವನನ್ನು ಕೇಳದೆ ಬಡಿಸಬಾರದೆಂಬ ನಮ್ಮ ಪಂಕ್ತಿಯ ಮರ್ಯಾದೆ ತಾನೆ?

ಇನ್ನು ಈ ತೀರ್ಮಾನಗಳನ್ನು ಹಗುರಮಾಡುವ ಒಂದು ಮಾತು ನಮ್ಮ ನಡುವೆ ಚಲಾವಣೆಯಲ್ಲಿದೆ: "ಮಕ್ಕಳಾದವಲ್ಲ, ಅದರ ಕೆಲಸ ಮುಗಿಯಿತು, ಇಟ್ಟುಕೊಂಡು ಮಾಡುವುದೇನು?" ಗರ್ಭಾಶಯಕ್ಕೆ ಗುಜರಾತಿನ ಆಡುಮಾತಿನಲ್ಲಿ 'ಕೋಥಳಿ' ಎನ್ನುತ್ತಾರೆ. ಚೀಲವೆಂದು ಅರ್ಥ. ನಾವೂ ಗರ್ಭಚೀಲ ಎನ್ನುತ್ತೇವೆ. ಚೀಲ ಎಂದಮೇಲೆ, ತುಂಬಿ ಬರಿದಾದಮೇಲೆ ಬಿಸಾಡಬಹುದೆಂಬ ಭಾವನೆ ಹೆಸರಿನಲ್ಲಿಯೇ ಅಡಗಿದೆ. ಹೆಂಗಸಿನ ಒಂದು ಅಂಗದ ಬೆಲೆಯನ್ನು ಅದು ಇತರರಿಗೆ ಕೊಟ್ಟ ಮಕ್ಕಳಿಂದ ಅಳೆಯುವ ಲೆಕ್ಕವಿದು. ಮಕ್ಕಳು ದೊಡ್ಡವರಾದರೆಂದು ತಂದೆಯ ಯಾವ ಅಂಗವನ್ನೂ ನಾವು ಕೆಲಸ ಮುಗಿದದ್ದೆಂದು ಕರೆಯುವುದಿಲ್ಲ.

ದೇಹಶಾಸ್ತ್ರವೂ ಈ ಲೆಕ್ಕವನ್ನು ಒಪ್ಪುವುದಿಲ್ಲ. ಗರ್ಭಾಶಯದ ಜೊತೆ ಅಂಡಾಶಯಗಳನ್ನೂ ತೆಗೆದರೆ, ಸಹಜವಾಗಿ ವರ್ಷಗಳ ಕಾಲ ಮೆಲ್ಲಗೆ ಆಗಬೇಕಾದ ಮುಟ್ಟುನಿಲುಗಡೆ ಒಂದೇ ದಿನದಲ್ಲಿ ಆಗಿಬಿಡುತ್ತದೆ. ಎಳೆಯ ವಯಸ್ಸಿನಲ್ಲಿ ಹಾಗಾದರೆ ಮೂಳೆಗಳು ಬೇಗ ಸವೆಯುತ್ತವೆ, ಹೃದ್ರೋಗದ ಸಂಭವ ಹೆಚ್ಚುತ್ತದೆ. ಅಂಡಾಶಯಗಳನ್ನು ಉಳಿಸಿದರೂ ಕೆಲವರಲ್ಲಿ ಅವು ಹೊತ್ತಿಗೆ ಮುಂಚೆಯೇ ದಣಿಯುತ್ತವೆ. ಇತ್ತ, ಹೆಚ್ಚಿನ ಸ್ರಾವಕ್ಕೆ ಶಸ್ತ್ರವೇ ಮೊದಲ ಉತ್ತರವಲ್ಲ. ರಕ್ತಹೀನತೆಗೆ ಕಬ್ಬಿಣದ ಮಾತ್ರೆ, ಸ್ರಾವ ತಗ್ಗಿಸುವ ಮಾತ್ರೆಗಳು, ಹಾರ್ಮೋನು ಚಿಕಿತ್ಸೆ, ಗರ್ಭಾಶಯದೊಳಗೆ ಇಟ್ಟು ವರ್ಷಗಟ್ಟಲೆ ಔಷಧಿ ಒಸರುವ ಸಾಧನ, ಗಡ್ಡೆಯೊಂದನ್ನೇ ತೆಗೆದು ಗರ್ಭಾಶಯ ಉಳಿಸುವ ಶಸ್ತ್ರಕ್ರಿಯೆ, ಹೀಗೆ ಮೆಟ್ಟಿಲುಗಳಿವೆ. ಗಡ್ಡೆಗಳು ಎಷ್ಟೋ ವೇಳೆ ಮುಟ್ಟು ನಿಂತ ಮೇಲೆ ತಾವೇ ಕುಗ್ಗುತ್ತವೆ. ಬಿಳಿಸೆರಗು, ಸೊಂಟನೋವುಗಳಷ್ಟಕ್ಕೇ ಗರ್ಭಾಶಯ ತೆಗೆಸುವುದು ತಲೆನೋವಿಗೆ ತಲೆ ಬೋಳಿಸಿದಂತೆ. ಮೆಟ್ಟಿಲುಗಳಿವೆಯೆಂದು ತಿಳಿಸದೆ ಮೇಲಿನಿಂದ ಧುಮುಕೆಂದರೆ ಅದು ಸಲಹೆಯಲ್ಲ.

ಹಾಗಾದರೆ ನಿಜವಾಗಿ ನಡೆಯುತ್ತಿರುವುದೇನು? ಇದಕ್ಕೆ ಅಹಮದಾಬಾದೇ ಒಂದು ಉತ್ತರ ಕೊಟ್ಟಿದೆ. ೧೯೭೨ರಲ್ಲಿ ಇಳಾ ಭಟ್ಟರು ಆ ಊರಿನಲ್ಲಿ ಕಟ್ಟಿದ 'ಸೇವಾ' ಸಂಸ್ಥೆ ನಮ್ಮ ಓದುಗರಿಗೆ ಹೊಸದಲ್ಲ. ತರಕಾರಿ ಮಾರುವ, ತಲೆಹೊರೆ ಹೊರುವ, ಬೀಡಿ ಕಟ್ಟುವ, ಹೊಲಿಗೆ ಮಾಡುವ ಹೆಂಗಸರ ಸಂಘ ಅದು. ೧೯೯೨ರಲ್ಲಿ ಸದಸ್ಯೆಯರಿಗಾಗಿ ವಿಮಾ ಯೋಜನೆಯನ್ನೂ ಆರಂಭಿಸಿತು. ಆಸ್ಪತ್ರೆಯ ಖರ್ಚಿಗೆಂದು ಬಂದ ಅರ್ಜಿಗಳನ್ನು ನೋಡುತ್ತ ಹೋದಂತೆ, ಗರ್ಭಾಶಯ ತೆಗೆಸಿದ ಖರ್ಚೇ ಅವುಗಳಲ್ಲಿ ಮುಂದಿನ ಸಾಲಿನಲ್ಲಿರುವುದು ಕಂಡಿತು. ಅಹಮದಾಬಾದ್ ನಗರದಲ್ಲೂ ಜಿಲ್ಲೆಯ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ ವಿಚಾರಿಸಿದ ಫಲ ೨೦೧೧ರಲ್ಲಿ ಪ್ರಕಟವಾಯಿತು. ವಿಮೆಯಿದ್ದ ಹಳ್ಳಿಯ ಹೆಂಗಸರಲ್ಲಿ ನೂರಕ್ಕೆ ೯.೮, ನಗರದವರಲ್ಲಿ ೫.೩ ಮಂದಿಗೆ ಈ ಶಸ್ತ್ರಕ್ರಿಯೆ ಆಗಿತ್ತು. ವಿಮೆಯಿಲ್ಲದವರಲ್ಲಿ ಈ ಸಂಖ್ಯೆ ಹಳ್ಳಿಯಲ್ಲಿ ೭.೨, ನಗರದಲ್ಲಿ ೪.೦. ಎಲ್ಲಕ್ಕಿಂತ ಮನಸ್ಸಿಗೆ ನಾಟುವುದು ವಯಸ್ಸಿನ ಲೆಕ್ಕ. ಶಸ್ತ್ರಕ್ರಿಯೆಯಾದವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಮೂವತ್ತೈದು ತುಂಬದವರು. ಸಹಜವಾಗಿ ಮುಟ್ಟು ನಿಲ್ಲಲು ಅವರಿಗೆ ಇನ್ನೂ ಹತ್ತು ಹದಿನೈದು ವರ್ಷಗಳಿದ್ದವು.

ಈ ಅಂಕಿಗಳನ್ನು ಎರಡು ರೀತಿ ಓದಬಹುದು. ಹಣ ಕೊಡುವವರು ಸಿಕ್ಕಿದ್ದರಿಂದ ಬೇಡದ ಶಸ್ತ್ರಕ್ರಿಯೆಗಳು ಹೆಚ್ಚಿದವೆಂದು ಒಂದು ಓದು. ಬಹುಕಾಲ ನೋವು ನುಂಗಿಕೊಂಡಿದ್ದ ಬಡವೆಯರಿಗೆ ವಿಮೆ ಬಂದಾಗ ಮೊದಲ ಬಾರಿ ಚಿಕಿತ್ಸೆ ಕೈಗೆಟುಕಿತೆಂದು ಇನ್ನೊಂದು. ಎರಡರಲ್ಲೂ ನಿಜವಿರಬಹುದು. ಆದ್ದರಿಂದ ಬರಿಯ ಅಂಕಿಗಳಿಂದ ಯಾರನ್ನೂ ಅಪರಾಧಿಯೆನ್ನಲಾಗದು. ಕೇಳಬೇಕಾದ ಪ್ರಶ್ನೆ ಬೇರೆ: ಶಸ್ತ್ರಕ್ರಿಯೆಯ ಬಾಗಿಲು ತೆರೆದಾಗ ಉಳಿದ ಬಾಗಿಲುಗಳೂ ತೆರೆದಿದ್ದವೆ? ಹಳ್ಳಿಯಲ್ಲಿ ಸ್ತ್ರೀರೋಗ ತಪಾಸಣೆಯೇ ಇಲ್ಲದೆ, ಸೋಂಕಿಗೆ ಸಕಾಲದ ಔಷಧಿಯೇ ಇಲ್ಲದೆ, ಕೊನೆಗೆ ಉಳಿದದ್ದು ಪಟ್ಟಣದ ಶಸ್ತ್ರಕ್ರಿಯೆಯೊಂದೇ ಆದರೆ ಅದನ್ನು ಆಯ್ಕೆ ಎನ್ನಬಹುದೆ?

ಇದನ್ನು ಗುಜರಾತಿನ ಸಮಸ್ಯೆಯೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ತವರಿನಲ್ಲಿಯೇ, ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳಲ್ಲಿ, ಹೊಟ್ಟೆನೋವು ಬಿಳಿಸೆರಗೆಂದು ಖಾಸಗಿ ಆಸ್ಪತ್ರೆಗೆ ಹೋದ ಎಳೆಯ ಹೆಂಗಸರು ಗರ್ಭಾಶಯ ಕಳೆದುಕೊಂಡು ಬಂದ ಸಂಗತಿ ಕಳೆದ ದಶಕದಲ್ಲಿ ಹೊರಬಿದ್ದು ಸರಕಾರ ವಿಚಾರಣೆ ನಡೆಸಬೇಕಾಯಿತು. ಗಡಿಯಾಚೆಗೆ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ವಿಷಯ ೨೦೧೯ರಲ್ಲಿ ದೇಶದ ಗಮನ ಸೆಳೆಯಿತು. ಕಬ್ಬಿನ ಗದ್ದೆಯಲ್ಲಿ ಒಂದು ದಿನ ಕೆಲಸ ತಪ್ಪಿದರೆ ಮೇಸ್ತ್ರಿ ದಂಡ ಹಾಕುತ್ತಾನೆ. ಬಿಡಾರದಲ್ಲಿ ನೀರಿಲ್ಲ, ಮರೆಯಿಲ್ಲ. ಅಂಥ ಹೆಂಗಸು ತಾನಾಗಿಯೇ ಡಾಕ್ಟರ ಬಳಿ ಹೋಗಿ "ತೆಗೆದುಬಿಡಿ, ತಿಂಗಳ ಕಾಟ ತಪ್ಪಲಿ" ಎಂದರೆ?

ಇಲ್ಲಿ ನಮ್ಮ ತತ್ತ್ವಕ್ಕೇ ಪರೀಕ್ಷೆ. ತೀರ್ಮಾನ ಅವಳದೇ ಎಂದೆವು. ಅವಳು ತೀರ್ಮಾನಿಸಿದ್ದಾಳೆ, ಸಹಿ ಹಾಕಿದ್ದಾಳೆ. ಇನ್ನೇನು ಆಕ್ಷೇಪ? ಬಡವೆಗೆ ತನ್ನ ಹಿತ ತಿಳಿಯದೆಂದು ನಾವು ಹೇಳಿದರೆ, ಅವಳ ಪರವಾಗಿ ತೀರ್ಮಾನಿಸಹೊರಟ ಗಂಡನ, ಅತ್ತೆಯ ಸಾಲಿಗೇ ನಾವೂ ಸೇರಿದಂತಾಗುತ್ತದೆ. ಅವಳಿಗೆ ತನ್ನ ಹಿತ ಚೆನ್ನಾಗಿಯೇ ತಿಳಿದಿದೆ. ಇರುವ ಪರಿಸ್ಥಿತಿಯಲ್ಲಿ ಆಕೆ ಮಾಡಿದ ಲೆಕ್ಕ ಸರಿಯಾಗಿಯೇ ಇರಬಹುದು. ತಪ್ಪಿರುವುದು ಅವಳ ಲೆಕ್ಕದಲ್ಲಲ್ಲ, ಆ ಪರಿಸ್ಥಿತಿಯಲ್ಲಿ. ಶೌಚಾಲಯವೊಂದನ್ನು ಕಟ್ಟಿಕೊಡದ, ತಿಂಗಳಿಗೆ ಎರಡು ದಿನದ ಬಿಡುವನ್ನು ಕೊಡದ ಸಮಾಜ ಅವಳ ಸಹಿಯನ್ನು ತೋರಿಸಿ "ಆಕೆಯೇ ಒಪ್ಪಿದಳಲ್ಲ" ಎನ್ನುವುದು ನಾಚಿಕೆಯ ಮಾತು. ಅವಳ ತೀರ್ಮಾನವನ್ನು ಗೌರವಿಸೋಣ. ಆದರೆ ಅದನ್ನು ನಮ್ಮ ಬಿಡುಗಡೆಯ ಪತ್ರವಾಗಿ ಬಳಸುವುದು ಬೇಡ.

ಈಗ ನಮಗೆ ತೀರ ಹತ್ತಿರದ ಒಂದು ಸಂಗತಿಗೆ ಬರೋಣ. ಹೋಟೆಲು, ಬ್ಯಾಂಕು, ತೈಲ ಕಂಪನಿ, ಕಾರಖಾನೆಗಳ ಕೆಲಸದ ನಿಮಿತ್ತ ಈ ಮೂರು ನಗರಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಬಹಳ. ಗಂಡಸರು ಹೊರಗೆ ದುಡಿಯುತ್ತ ಗುಜರಾತಿಯನ್ನು ಕಲಿಯುತ್ತಾರೆ. ಮಕ್ಕಳು ಶಾಲೆಯಲ್ಲಿ ಕಲಿಯುತ್ತಾರೆ. ಊರಿನಿಂದ ಬಂದ ತಾಯಿ, ಅತ್ತೆ, ಹೊಸದಾಗಿ ಮದುವೆಯಾಗಿ ಬಂದ ಸೊಸೆ, ಇವರಿಗೆ ತರಕಾರಿ ಕೊಳ್ಳುವಷ್ಟು ಮಾತು ಬಂದರೂ ಒಡಲಿನ ಮಾತು ಬರುವುದಿಲ್ಲ. ಕನ್ನಡದಲ್ಲಿಯೇ ಅವರು ಅದನ್ನು ನೇರವಾಗಿ ಆಡುವವರಲ್ಲ. ಹೊರಗಾಗುವುದು, ಹೆಚ್ಚು ಹೋಗುವುದು, ಸೆರಗು ಎಂದು ಸೂಚನೆಯಲ್ಲಿ ಹೇಳಿ ಅಭ್ಯಾಸ. ಅಂಥವರು ವೈದ್ಯರ ಮುಂದೆ ಕುಳಿತಾಗ ದುಭಾಷಿಯಾಗುವವರು ಯಾರು? ಗಂಡ, ಇಲ್ಲವೆ ಹದಿನೈದು ವರ್ಷದ ಮಗ. ಮಗನ ಎದುರಿಗೆ ತಾಯಿ ಯಾವ ಬಾಯಿಯಿಂದ ಹೇಳಬೇಕು? ಅವಳು ಅರ್ಧ ಹೇಳುತ್ತಾಳೆ. ಅವನು ಅದರಲ್ಲಿ ಅರ್ಧವನ್ನು ಹೇಳುತ್ತಾನೆ. ವೈದ್ಯರು ಐದು ನಿಮಿಷ ವಿವರಿಸಿದ್ದು ಅವಳ ಕಿವಿಗೆ ಒಂದೇ ವಾಕ್ಯವಾಗಿ ಮುಟ್ಟುತ್ತದೆ: "ಆಪರೇಷನ್ ಆಗಬೇಕಂತೆ." ಆಮೇಲೆ ಗುಜರಾತಿಯಲ್ಲೋ ಇಂಗ್ಲಿಷಿನಲ್ಲೋ ಅಚ್ಚಾದ ಕಾಗದದ ಕೆಳಗೆ ಕನ್ನಡದಲ್ಲಿ ಸಹಿ ಬೀಳುತ್ತದೆ.

ಅದನ್ನು ಒಪ್ಪಿಗೆ ಎನ್ನಬಹುದೆ? ರೋಗಿಗೆ ತಿಳಿಸಲೇಬೇಕಾದ ವಿಷಯಗಳನ್ನು ಅದೇ ೨೦೦೮ರ ತೀರ್ಪು ಪಟ್ಟಿಮಾಡಿದೆ: ಏನು ಮಾಡುತ್ತಾರೆ, ಯಾಕೆ, ಅದರಿಂದ ಆಗುವುದೇನು, ಬೇರೆ ದಾರಿಗಳಿವೆಯೆ, ದೊಡ್ಡ ಅಪಾಯಗಳೇನು, ಮಾಡಿಸದಿದ್ದರೆ ಏನಾಗುತ್ತದೆ. ಇವೆಲ್ಲವೂ ತನಗೆ ತಿಳಿಯುವ ನುಡಿಯಲ್ಲಿ ಅವಳಿಗೆ ಮುಟ್ಟಿದಾಗ ಮಾತ್ರ ಅವಳ ಸಹಿ ಅವಳದು. ಅದಿಲ್ಲದ ಸಹಿ ಬರಿಯ ಶಾಯಿ. ಮಾತೃಭಾಷೆಯೆಂದರೆ ರಾಜ್ಯೋತ್ಸವದ ವೇದಿಕೆಗಷ್ಟೇ ಅಲ್ಲ, ಇಂಥ ಹೊತ್ತಿಗೂ ಬೇಕು.

ಗಂಡನ ಸಹಿಯ ಬಗೆಗೂ ಒಂದು ಮಾತು. ಸಂತಾನಶಕ್ತಿ ಹೋಗಬಹುದಾದ ಶಸ್ತ್ರಕ್ರಿಯೆಗೆ ಗಂಡಹೆಂಡಿರಿಬ್ಬರ ಒಪ್ಪಿಗೆ ಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ ೨೦೦೨ರ ನಿಯಮಾವಳಿ ಹೇಳುತ್ತದೆ. ಇಬ್ಬರದು ಎಂದರೆ ಅವಳದರ ಜೊತೆಗೆ ಅವನದು. ಅವಳದರ ಬದಲಿಗೆ ಅವನದಲ್ಲ. ರೂಢಿಯಲ್ಲಿ ಅದು ತಿರುವುಮುರುವಾಗಿ, ಗಂಡನ ಸಹಿಯೇ ಮುಖ್ಯ, ಹೆಂಡತಿಯದು ಔಪಚಾರಿಕ ಎನ್ನುವಂತಾಗಿದೆ. ೧೯೭೧ರ ಗರ್ಭಪಾತ ಕಾನೂನು ಕೂಡ ಪ್ರಾಪ್ತವಯಸ್ಕಳಾದ ಗರ್ಭಿಣಿಯ ಒಪ್ಪಿಗೆಯನ್ನೇ ಕೇಳುತ್ತದೆ, ಗಂಡನದನ್ನು ಕೇಳುವುದಿಲ್ಲವೆಂಬುದನ್ನು ಎಷ್ಟು ಮಂದಿ ಬಲ್ಲರು?

ಸರಕಾರವೂ ಈಚೆಗೆ ಎಚ್ಚೆತ್ತಿದೆ. ಅನಾವಶ್ಯಕವಾಗಿ ಗರ್ಭಾಶಯ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ ೨೦೨೨ರಲ್ಲಿ ಮಾರ್ಗಸೂಚಿ ಹೊರಡಿಸಿತು. ಜಿಲ್ಲೆ, ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಉಸ್ತುವಾರಿ ಸಮಿತಿಗಳಿರಬೇಕೆಂದು ಅದರಲ್ಲಿದೆ. ರಾಜ್ಯಗಳೆಲ್ಲ ಅದನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ೨೦೨೩ರ ಏಪ್ರಿಲ್ ೫ರಂದು ಸುಪ್ರೀಂ ಕೋರ್ಟು ಆಜ್ಞೆ ಮಾಡಿತು. ಒಳ್ಳೆಯದೇ. ಆದರೆ ಸಮಿತಿಗಳು ನಡೆದುಹೋದದ್ದನ್ನು ಎಣಿಸಬಲ್ಲವು. ವೈದ್ಯರ ಮೇಜಿನ ಎದುರು ತಲೆತಗ್ಗಿಸಿ ಕುಳಿತವಳ ಪಕ್ಕದಲ್ಲಿ ಬಂದು ಕೂರಲಾರವು.

ಆ ಕೆಲಸ ನಮ್ಮದು. ಕನ್ನಡವೂ ಗುಜರಾತಿಯೂ ಬಲ್ಲ ನಾಲ್ಕಾರು ಗೃಹಿಣಿಯರು ಪ್ರತಿಯೊಂದು ಊರಿನ ಸಂಘದಲ್ಲೂ ಇದ್ದೇ ಇರುತ್ತಾರೆ. ಅಗತ್ಯ ಬಿದ್ದವರ ಜೊತೆ ಆಸ್ಪತ್ರೆಗೆ ಹೋಗಿ ಮಾತು ದಾಟಿಸಲು ಅವರು ಮುಂದೆ ಬಂದರೆ, ನಾಡಹಬ್ಬದ ಯಾವ ಕಾರ್ಯಕ್ರಮಕ್ಕೂ ಕಡಿಮೆಯಲ್ಲದ ಕನ್ನಡ ಸೇವೆ ಅದು. ಈ ದುಭಾಷಿಗೆ ಧರ್ಮವೊಂದಿದೆ: ಆಕೆ ಹೇಳಿದ್ದನ್ನೆಲ್ಲ ಹೇಳಬೇಕು, ತನ್ನದನ್ನು ಸೇರಿಸಬಾರದು, ಆಕೆಯ ಪರವಾಗಿ ಉತ್ತರಿಸಬಾರದು, ಕೇಳಿದ್ದನ್ನು ಇನ್ನೊಂದು ಮನೆಗೆ ಒಯ್ಯಬಾರದು. ಇನ್ನು ಗಂಡಂದಿರಿಗೆ, ಮಕ್ಕಳಿಗೆ ಹೇಳುವುದಿಷ್ಟೆ. ಅವಸರವಿಲ್ಲದ ಶಸ್ತ್ರಕ್ರಿಯೆಗೆ ಅದೇ ದಿನ ಹೂಂ ಅನ್ನಬೇಡಿ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಿದರೆ ಮೊದಲಿನವರಿಗೆ ಅವಮಾನವೇನಿಲ್ಲ. ಒಳ್ಳೆಯ ವೈದ್ಯರು ತಾವೇ ಹಾಗೆ ಹೇಳುತ್ತಾರೆ. ಮನೆಗೆ ಬಂದು ಆಕೆಯನ್ನು ಕೂರಿಸಿಕೊಂಡು ವೈದ್ಯರು ಹೇಳಿದ್ದೆಲ್ಲವನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿ. ಆಮೇಲೆ ನೀವು ಸುಮ್ಮನಿರಿ, ಆಕೆ ಮಾತಾಡಲಿ.

ಆಕೆ ಬೇಕೆಂದರೂ ಬೇಡವೆಂದರೂ ಆ ಮಾತು ನಮಗೆ ಒಪ್ಪಿಗೆಯಾಗಬೇಕು. ಒಡಲು ಯಾರದೋ ಒಪ್ಪಿಗೆಯೂ ಅವರದೇ. ನಮ್ಮ ಪಾಲಿಗೆ ಉಳಿದಿರುವುದು ಆಕೆಗೆ ತಿಳಿಯುವಂತೆ ಹೇಳುವ ಕೆಲಸ, ತಾಳ್ಮೆಯಿಂದ ಕೇಳುವ ಕೆಲಸ.